ಬ್ಯಾಡಗಿ: ಬಸುರಿ ಅಂತ ಗೊತ್ತಾದ ಕೂಡಲೇ ದಮ್ಮಿನ ಪಂಪ್ ಬಿಡಬೇಕಾ? ಬಿಟ್ಟರೇ ಅಪಾಯ ಜಾಸ್ತಿ

ಬ್ಯಾಡಗಿ: ಸೋಮವಾರ, ಗುರುವಾರ ಬಂತಂದ್ರೆ ನಮ್ಮೂರಲ್ಲಿ ಬಸ್ ಇಳಿದವರು ಮೊದಲು ಸೀನ್ತಾರೆ, ಆಮೇಲೆ ಮಾತಾಡ್ತಾರೆ. ಎಪಿಎಂಸಿಗೆ ಮೆಣಸಿನಕಾಯಿ ಚೀಲ ಬಂದು ಬಿದ್ದ ದಿನ ಘಾಟು ಪ್ಯಾಟಿ ತುಂಬಾ ಇರುತ್ತದೆ. ನಮಗೆ ರೂಢಿ ಆಗಿದೆ. ಆದರೆ ದಮ್ಮು ಇದ್ದವರಿಗೆ ರೂಢಿ ಅನ್ನೋದು ಇಲ್ಲ. ಅದರಲ್ಲೂ ತೊಟ್ಟು ಬಿಡಿಸೋ ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳು ಇಡೀ ದಿನ ಅದೇ ಧೂಳಿನಲ್ಲಿ ಕೂರುತ್ತಾರೆ. ಅವರಲ್ಲಿ ಬಸುರಿಯರು ಇರ್ತಾರೆ, ಕೂಸಿಗೆ ಹಾಲು ಕುಡಿಸೋ ಬಾಣಂತಿಯರೂ ಇರ್ತಾರೆ.

ಈ ವಿಷಯ ಬರೀಬೇಕು ಅನಿಸಿದ್ದು ನಮ್ಮ ಮನೆಯಲ್ಲೇ ಆದದ್ದಕ್ಕೆ. ನಮ್ಮಕ್ಕ ಮದುವೆಗೂ ಮುಂಚಿನಿಂದ ದಮ್ಮಿನ ಪಂಪ್ ತಗೋತಿದ್ಲು. ಬಸುರಿ ಅಂತ ಗೊತ್ತಾದ ವಾರದಲ್ಲೇ ಅವಳ ಅತ್ತಿ, ‘ಹೊಟ್ಟ್ಯಾಗಿನ ಕೂಸಿಗೆ ಹೋಗಿ ಮುಟ್ಟತೈತಿ, ಅದನ್ನ ಬಿಟ್ಟಬಿಡವಾ’ ಅಂದ್ರು. ಕೆಟ್ಟ ಮನಸ್ಸಿನಿಂದ ಅಲ್ಲ, ಕೂಸಿನ ಮೇಲಿನ ಕಾಳಜಿಗೇ ಅಂದಿದ್ದು. ತೋರಿಸಿದ ಒಬ್ಬ ಡಾಕ್ಟರೂ (ಹೆಸರು ಬೇಡ) ‘ಮೊದಲ ಮೂರು ತಿಂಗಳು ಏನೂ ತಗೋಬ್ಯಾಡ್ರಿ’ ಅಂದುಬಿಟ್ಟರು. ಅಕ್ಕ ಬಿಟ್ಲು. ಐದನೇ ತಿಂಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ, ಎರಡು ಶಬ್ದ ಸೇರಿಸಿ ಮಾತಾಡೋಕೂ ಆಗದ ಸ್ಥಿತಿಯಲ್ಲಿ 108ರಲ್ಲಿ ಹಾವೇರಿಗೆ ಒಯ್ದೆವು. ಆಕ್ಸಿಜನ್ ಹಾಕಿದ ಮೇಲೆ ಡ್ಯೂಟಿಯಲ್ಲಿದ್ದ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ: ‘ಪಂಪ್ ಯಾಕ ಬಿಟ್ರಿ?’

ನಾನು ಡಾಕ್ಟರಲ್ಲ, ಬಿಎಸ್ಸಿ ಎರಡನೇ ವರ್ಷಕ್ಕೇ ಬಿಟ್ಟವನು. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳೀತು. ಆಸ್ಪತ್ರೆಯಲ್ಲಿ ಕೇಳಿ ತಿಳಿದದ್ದು, ಆಮೇಲೆ ಕೂತು ಓದಿದ್ದು ಎರಡನ್ನೂ ಸೇರಿಸಿ ಬರೀತಿದ್ದೇನೆ.

ಕೂಸಿನ ಉಸಿರು ಎಲ್ಲಿಂದ ಬರುತ್ತೆ?

ಹೊಟ್ಟೆಯೊಳಗಿನ ಕೂಸು ತನ್ನ ಮೂಗಿನಿಂದ ಉಸಿರಾಡೋದಿಲ್ಲ. ಅದಕ್ಕೆ ಬೇಕಾದ ಆಕ್ಸಿಜನ್ ಎಲ್ಲಾ ತಾಯಿಯ ರಕ್ತದಿಂದ ಮಾಸಿಗೆ ಬಂದು, ಅಲ್ಲಿಂದ ಹೊಕ್ಕಳಬಳ್ಳಿ ಮೂಲಕ ಹೋಗಬೇಕು. ತಾಯಿಗೆ ದಮ್ಮು ಬಂದು ಶ್ವಾಸನಾಳ ಬಿಗಿದರೆ ಅವಳ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಕೂಸಿಗೂ ಅದರ ಪಾಲು ಕಡಿಮೆ ಆಗುತ್ತದೆ. ಕೊರೊನಾ ಕಾಲದಲ್ಲಿ ಬೆರಳಿಗೆ ಹಾಕ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ, ಬಸುರಿಯರಲ್ಲಿ ಅದು 95ಕ್ಕಿಂತ ಕೆಳಗೆ ಇಳಿಯದ ಹಾಗೆ ಡಾಕ್ಟರ್‌ಗಳು ನೋಡಿಕೊಳ್ಳೋದು ಇದಕ್ಕೇ.

ದಮ್ಮನ್ನು ಹತೋಟಿಯಲ್ಲಿ ಇಟ್ಟುಕೊಳ್ಳದ ಬಸುರಿಯರಲ್ಲಿ ದಿನ ತುಂಬುವ ಮುಂಚೆ ಹೆರಿಗೆ ಆಗೋದು, ಕೂಸಿನ ತೂಕ ಕಡಿಮೆ ಇರೋದು, ತಾಯಿಗೆ ಬಿಪಿ ಏರಿ ತೊಂದರೆ ಆಗೋದು ಹೆಚ್ಚು. ಇದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಮಾತು. ದಮ್ಮು ಹತೋಟಿಯಲ್ಲಿದ್ದವರ ಬಸಿರು ಬಹುಪಾಲು ಉಳಿದವರ ಹಾಗೇ ಸಾಗುತ್ತದೆ. ಹಾಗಾಗಿ ‘ಔಷಧಿಯಿಂದ ಏನಾಗುತ್ತೋ’ ಅಂತ ಹೆದರೋ ನಾವು, ‘ಔಷಧಿ ಬಿಟ್ಟರೆ ಏನಾಗುತ್ತೆ’ ಅಂತ ಕೇಳೋದೇ ಇಲ್ಲ.

ಇನ್ನೊಂದು ವಿಷಯ. ಬಸುರಿ ಆದ ಮೇಲೆ ದಮ್ಮು ಹೇಗಿರುತ್ತೆ ಅನ್ನೋದು ಮೊದಲೇ ಹೇಳೋಕಾಗಲ್ಲ. ಡಾಕ್ಟರ್‌ಗಳ ಲೆಕ್ಕದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಡಿಮೆ ಆಗುತ್ತೆ, ಒಬ್ಬರಿಗೆ ಇದ್ದ ಹಾಗೇ ಇರುತ್ತೆ, ಒಬ್ಬರಿಗೆ ಜಾಸ್ತಿ ಆಗುತ್ತೆ. ಜಾಸ್ತಿ ಆಗೋದು ಹೆಚ್ಚಾಗಿ ನಡುವಿನ ತಿಂಗಳುಗಳಲ್ಲಿ. ಅಕ್ಕನಿಗೆ ಆದದ್ದೂ ಆಗಲೇ.

ಬಸುರಿ ಆದಾಗ ಸ್ವಲ್ಪ ಮೇಲುಸಿರು ಎಲ್ಲರಿಗೂ ಬರುತ್ತಲ್ಲ ಅಂತ ಕೇಳಬಹುದು. ಹೌದು, ಹಾರ್ಮೋನ್ ಬದಲಾಗೋದರಿಂದ ಬಹಳ ಜನಕ್ಕೆ ಹಾಗೆ ಅನಿಸುತ್ತೆ, ಅದು ರೋಗ ಅಲ್ಲ. ಆದರೆ ಎದೆಯಲ್ಲಿ ಸುಂಯ್ ಅನ್ನೋ ಸದ್ದು, ನಸುಕಿನಲ್ಲಿ ಎಬ್ಬಿಸೋ ಕೆಮ್ಮು, ಎದೆ ಬಿಗಿತ ಇದ್ದರೆ ಅದು ಬಸಿರಿನ ಮೇಲುಸಿರಲ್ಲ, ದಮ್ಮು.

40 ಪಫ್‌ಗೆ ಒಂದು ಗುಳಿಗಿ

ನಮ್ಮ ಕಡೆ ಪಂಪ್ ಅಂದ್ರೆ ‘ಪವರ್ ಜಾಸ್ತಿ’, ‘ಚಟ ಹತ್ತತೈತಿ’ ಅನ್ನೋ ಮಾತಿದೆ. ಅದಕ್ಕೇ ಎಷ್ಟೋ ಮನೆಯಲ್ಲಿ ‘ಪಂಪ್ ಬ್ಯಾಡ, ಗುಳಿಗಿ ಕೊಡ್ರಿ ಅಣ್ಣಾರ’ ಅಂತ ಮೆಡಿಕಲ್ ಶಾಪ್‌ಗೆ ಬರ್ತಾರೆ. ಲೆಕ್ಕ ಹಾಕಿದರೆ ಇದು ಪೂರ್ತಿ ಉಲ್ಟಾ.

ದಮ್ಮು ಬಂದಾಗ ತಕ್ಷಣ ಆರಾಮ ಕೊಡೋ ಔಷಧಿ ಸಾಲ್ಬುಟಮಾಲ್. ಅಸ್ತಾಲಿನ್ ಅಂತ ಬಹಳ ಜನ ಹೆಸರು ಕೇಳಿರ್ತಾರೆ. ಪಂಪಿನ ಒಂದು ಪಫ್‌ನಲ್ಲಿ ಇರೋದು 100 ಮೈಕ್ರೋಗ್ರಾಂ. ಅದೇ ಔಷಧಿಯ ಗುಳಿಗಿ 2 ಮಿಲಿಗ್ರಾಂ ಅಥವಾ 4 ಮಿಲಿಗ್ರಾಂ. ಒಂದು ಮಿಲಿಗ್ರಾಂ ಅಂದ್ರೆ 1000 ಮೈಕ್ರೋಗ್ರಾಂ. ಹಂಗಾದ್ರೆ 4 ಮಿಲಿಗ್ರಾಂನ ಒಂದು ಗುಳಿಗಿ ನುಂಗಿದ್ರೆ 40 ಪಫ್‌ನಷ್ಟು ಔಷಧಿ ಹೊಟ್ಟೆಗೆ ಹೋಗಿ, ರಕ್ತದಲ್ಲಿ ಸೇರಿ, ಇಡೀ ಮೈಗೆ ಸುತ್ತುತ್ತೆ. ಗುಳಿಗಿ ತಗೊಂಡವರ ಕೈ ನಡುಗೋದು, ಎದೆ ಡಬ ಡಬ ಅನ್ನೋದು ಇದಕ್ಕೇ. ಪಂಪಿನದು ನೇರ ಶ್ವಾಸನಾಳಕ್ಕೆ ಹೋಗುತ್ತೆ, ಅಲ್ಲೇ ಕೆಲಸ ಮಾಡುತ್ತೆ, ರಕ್ತಕ್ಕೆ ಸೇರೋದು ಬಹಳ ಕಡಿಮೆ. ಕೂಸಿಗೆ ತಲುಪೋದಂತೂ ಇನ್ನೂ ಕಡಿಮೆ. ಬಸುರಿಯರಿಗೆ ಗುಳಿಗಿಗಿಂತ ಪಂಪ್ ಒಳ್ಳೇದು ಅಂತ ಡಾಕ್ಟರ್‌ಗಳು ಹೇಳೋದು ಈ ಲೆಕ್ಕದ ಮೇಲೆ.

ಎರಡನೇ ಥರದ ಪಂಪ್ ದಿನಾ ತಗೊಳ್ಳೋದು. ಶ್ವಾಸನಾಳದ ಒಳಗಿನ ಊತ ಇಳಿಸಿ, ದಮ್ಮು ಬರದ ಹಾಗೆ ತಡೆಯುತ್ತೆ. ಇದರಲ್ಲಿ ಸ್ಟೀರಾಯ್ಡ್ ಇರುತ್ತೆ. ಬುಡೆಸೊನೈಡ್ ಇರೋ ಬುಡೆಕಾರ್ಟ್, ಅದರ ಜೊತೆ ಫಾರ್ಮೊಟೆರಾಲ್ ಸೇರಿದ ಫೊರಾಕಾರ್ಟ್ ಇಲ್ಲಿ ಹೆಚ್ಚು ಬರೆಯೋ ಹೆಸರುಗಳು. ‘ಸ್ಟೀರಾಯ್ಡ್’ ಅಂದ ಕೂಡಲೇ ಮನೆಯವರೆಲ್ಲಾ ಗಾಬರಿ ಆಗ್ತಾರೆ. ಅಕ್ಕನ ಮನೆಯಲ್ಲಿ ಆದದ್ದೂ ಅದೇ. ಭಾವ ಡಬ್ಬಿ ಮೇಲಿನ ಹೆಸರನ್ನ ಮೊಬೈಲ್‌ನಲ್ಲಿ ಹುಡುಕಿದ್ದಾನೆ, ‘ಸ್ಟೀರಾಯ್ಡ್’ ಅಂತ ಬಂದಿದೆ, ಅಲ್ಲಿಗೆ ಮುಗೀತು.

ಆದರೆ ಬಸುರಿಯರಲ್ಲಿ ಎಲ್ಲಕ್ಕಿಂತ ಹೆಚ್ಚು ಪರೀಕ್ಷೆ ಆಗಿರೋ ಪಂಪ್ ಔಷಧಿ ಅಂದ್ರೆ ಇದೇ ಬುಡೆಸೊನೈಡ್. ಸ್ವೀಡನ್ ದೇಶದಲ್ಲಿ ಪ್ರತಿ ಹೆರಿಗೆಯನ್ನೂ, ತಾಯಿ ಯಾವ ಔಷಧಿ ತಗೋತಿದ್ದಳು ಅನ್ನೋದನ್ನೂ ಸರ್ಕಾರ ದಾಖಲೆ ಮಾಡುತ್ತೆ. ಆ ದಾಖಲೆ ತೆಗೆದು 1999ರಲ್ಲಿ ಒಂದು ಲೆಕ್ಕ ಪ್ರಕಟ ಮಾಡಿದರು. ಬಸಿರಿನ ಶುರುವಿನಲ್ಲೇ ಬುಡೆಸೊನೈಡ್ ಪಂಪ್ ತಗೊಂಡಿದ್ದ ತಾಯಂದಿರ 2014 ಕೂಸುಗಳಲ್ಲಿ ಏನಾದರೂ ಹುಟ್ಟು ದೋಷ ಕಂಡದ್ದು ನೂರಕ್ಕೆ 3.8. ಇಡೀ ದೇಶದ ಕೂಸುಗಳಲ್ಲಿ ಆ ಪ್ರಮಾಣ ನೂರಕ್ಕೆ 3.5. ಅಂದ್ರೆ ಹೆಚ್ಚೂಕಡಿಮೆ ಒಂದೇ. ಔಷಧಿಯನ್ನೇ ಮುಟ್ಟದ ತಾಯಂದಿರ ಕೂಸುಗಳಲ್ಲೂ ನೂರಕ್ಕೆ ಮೂರ್ನಾಲ್ಕರಲ್ಲಿ ಏನಾದರೂ ಒಂದು ದೋಷ ಇರುತ್ತೆ ಅನ್ನೋದೇ ನಮಗೆ ಗೊತ್ತಿರಲ್ಲ, ಅದಕ್ಕೇ ಏನಾದರೂ ಆದ್ರೆ ತಪ್ಪೆಲ್ಲಾ ಪಂಪಿನ ಮೇಲೆ ಹಾಕ್ತೀವಿ.

ಚಟದ ಮಾತಿಗೂ ಉತ್ತರ ಇದೆ. ಕನ್ನಡಕ ಹಾಕಿದವರಿಗೆ ಕನ್ನಡಕ ಚಟ ಅಂತೀವಾ? ದಮ್ಮು ಇರೋವರೆಗೆ ಪಂಪ್ ಬೇಕು, ಅಷ್ಟೇ.

ಇಲ್ಲಿ ಅಂಗಡಿಯವರಿಗೂ ಒಂದು ಮಾತು. ಪಂಪಿನ ಬಣ್ಣ ನೋಡಿ ಕೊಡಬೇಡಿ. ಕಂಪನಿಗೊಂದು ಬಣ್ಣ ಇರುತ್ತೆ, ಹೆಸರು ಓದಿ ಕೊಡಿ. ತಕ್ಷಣ ಆರಾಮ ಕೊಡೋ ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತೆ. ಅದನ್ನೇ ಒಬ್ಬರು ತಿಂಗಳಿಗೊಂದು ಒಯ್ತಿದ್ದಾರೆ ಅಂದ್ರೆ ಅವರ ದಮ್ಮು ಹತೋಟಿಯಲ್ಲಿಲ್ಲ ಅಂತಲೇ ಅರ್ಥ. ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಖಾಲಿ ಆದ್ರೇ ಎಚ್ಚರಿಕೆ ಗಂಟೆ ಅಂತಾರೆ ತಜ್ಞರು. ‘ಅಕ್ಕಾರ, ದಿನಾ ತಗೊಳ್ಳೋ ಪಂಪ್ ಬರ್ದಾರೇನ್ರಿ?’ ಅಂತ ಕೇಳೋಕೆ ಕೌಂಟರ್‌ನಲ್ಲಿ ಅರ್ಧ ನಿಮಿಷ ಸಾಕು.

ಗುಳಿಗಿ, ಇಂಜೆಕ್ಷನ್, ಸಿರಪ್

ಪಂಪಿಗೆ ದಮ್ಮು ಬಗ್ಗದಿದ್ದಾಗ ಪ್ರೆಡ್ನಿಸೊಲೋನ್ ಗುಳಿಗಿ ಕೊಡ್ತಾರೆ. ಇದೂ ಸ್ಟೀರಾಯ್ಡ್, ಆದರೆ ಪಂಪಿನ ಹಾಗೆ ಅಲ್ಲ, ಇಡೀ ಮೈಗೆ ಹೋಗುತ್ತೆ. ಮೊದಲ ಮೂರು ತಿಂಗಳಲ್ಲಿ ತಗೊಂಡರೆ ಸೀಳು ತುಟಿಯ ಸಾಧ್ಯತೆ ಒಂಚೂರು ಹೆಚ್ಚಬಹುದು ಅಂತ ಹಳೇ ಅಧ್ಯಯನಗಳು ಹೇಳಿದ್ವು, ಈಚಿನವುಗಳಲ್ಲಿ ಅದು ಅಷ್ಟು ಸ್ಪಷ್ಟ ಇಲ್ಲ. ಬಹಳ ದಿನ ತಗೊಂಡರೆ ತಾಯಿಗೆ ಶುಗರ್, ಬಿಪಿ ಏರಬಹುದು. ಆದರೂ ದಮ್ಮು ಜೋರಾದಾಗ ಬಸುರಿಯರಿಗೂ ಕೊಡಲೇಬೇಕು ಅಂತಾರೆ, ಯಾಕಂದ್ರೆ ಆ ಹೊತ್ತಿನ ದಮ್ಮು ಗುಳಿಗಿಗಿಂತ ಎಷ್ಟೋ ಪಾಲು ಅಪಾಯ. ಪ್ರೆಡ್ನಿಸೊಲೋನ್‌ನ ಹೆಚ್ಚಿನ ಪಾಲನ್ನು ಮಾಸು ತಾನೇ ಒಡೆದುಹಾಕುತ್ತೆ, ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಕೂಸಿನ ಕಡೆ ದಾಟುತ್ತೆ. ಡಾಕ್ಟರ್ ಐದು ದಿನ ಬರೆದರೆ ಐದೇ ದಿನ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ಒಯ್ಯೋದು ಬೇಡ. ತಿಂಗಳುಗಟ್ಟಲೆ ತಗೊಂಡವರು ಒಮ್ಮೆಲೇ ನಿಲ್ಲಿಸೋದೂ ಬೇಡ.

ಮಾಂಟೆಲುಕಾಸ್ಟ್ ಮೊದಲಿನಿಂದ ತಗೊಂಡು ಗುಣ ಕಂಡವರು ಡಾಕ್ಟರನ್ನ ಕೇಳಿ ಮುಂದುವರಿಸಬಹುದು. ಆದರೆ ನಮ್ಮಲ್ಲಿ ಮಾಂಟೆಲುಕಾಸ್ಟ್ ಜೊತೆ ಅಲರ್ಜಿ ಗುಳಿಗಿ ಸೇರಿಸಿದ್ದನ್ನ ನೆಗಡಿ, ಸೀನು, ಕೆಮ್ಮು ಎಲ್ಲದಕ್ಕೂ ಚೀಟಿ ಇಲ್ಲದೆ ಒಯ್ತಾರೆ. ಪಂಪಿನ ಬದಲಿಗೆ ಅದನ್ನೇ ನಂಬಿ ಕೂರೋದು ತಪ್ಪು.

ಡೆರಿಫಿಲಿನ್ ಹಳ್ಳಿ ಕಡೆ ಇನ್ನೂ ದಂಡಿಯಾಗಿ ನಡೆಯುತ್ತೆ, ಗುಳಿಗಿನೂ, ಇಂಜೆಕ್ಷನ್ನೂ. ಅದರಲ್ಲಿರೋ ಥಿಯೋಫಿಲಿನ್ ಹೆಚ್ಚು ಕಡಿಮೆ ಆಗೋದಕ್ಕೆ ಜಾಗ ಬಹಳ ಸಣ್ಣದು. ಒಂಚೂರು ಜಾಸ್ತಿ ಆದ್ರೆ ವಾಂತಿ, ಎದೆ ಬಡಿತ. ಬಸಿರಿನ ಕೊನೇ ತಿಂಗಳುಗಳಲ್ಲಿ ಮೈಯಿಂದ ಅದು ಹೊರಗೆ ಹೋಗೋದೇ ನಿಧಾನ ಆಗೋದರಿಂದ ಅದೇ ಡೋಸ್ ಜಾಸ್ತಿ ಆಗಿ ಕೂರಬಹುದು. ಎದೆಹಾಲಿಗೂ ಹೋಗುತ್ತೆ, ಕೂಸು ನಿದ್ದೆ ಮಾಡದೆ ಕಿರಿಕಿರಿ ಮಾಡೋದು ಇದರಿಂದಲೂ ಇರಬಹುದು. ಪಂಪ್ ಇರುವಾಗ ಇದು ಮೊದಲ ಆಯ್ಕೆ ಅಲ್ಲ.

ಕೆಮ್ಮಿನ ಸಿರಪ್ ವಿಷಯದಲ್ಲಿ ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಲೇಬೇಕು. ಕೊಡೀನ್ ಇರೋದು ಹಾಲು ಕುಡಿಸೋರಿಗೆ ಬೇಡವೇ ಬೇಡ. ಕೆಲವು ತಾಯಂದಿರ ಮೈಯಲ್ಲಿ ಅದು ಬೇಗ ಬೇಗ ಮಾರ್ಫಿನ್ ಆಗಿ ಹಾಲಿಗೆ ಸೇರಿ, ಕೂಸಿನ ಉಸಿರೇ ಮಂದ ಆಗಬಹುದು. ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 2017ರಲ್ಲೇ ಇದಕ್ಕೆ ಎಚ್ಚರಿಕೆ ಕೊಟ್ಟಿದೆ. ಮೂಗು ಕಟ್ಟಿದ್ದಕ್ಕೆ ಕೊಡೋ ಫಿನೈಲೆಫ್ರಿನ್, ಸ್ಯುಡೋಎಫೆಡ್ರಿನ್ ಇರೋ ಗುಳಿಗಿ ಮೊದಲ ಮೂರು ತಿಂಗಳು ಬೇಡ. ಪೊಟ್ಯಾಸಿಯಂ ಅಯೋಡೈಡ್ ಇರೋ ಸಿರಪ್ ಕೂಸಿನ ಥೈರಾಯ್ಡ್ ಕೆಡಿಸಬಹುದು. ಮತ್ತೆ, ಕೆಮ್ಮು ಎರಡು ವಾರ ದಾಟಿದ್ರೆ ಸಿರಪ್ ಬದಲಿಸ್ತಾ ಕೂರೋದಲ್ಲ, ಕಫದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಹೆಸರಿಲ್ಲದ ಪೊಟ್ಟಣದಲ್ಲಿ ಬರೋ ‘ದಮ್ಮಿನ ಪುಡಿ’ ಬಗ್ಗೆ ಬರೆದರೆ ಕೆಲವರಿಗೆ ಸಿಟ್ಟು ಬರುತ್ತೆ, ಗೊತ್ತು. ಆದರೆ ಇಂಥ ಪುಡಿಗಳಲ್ಲಿ ಹೇಳದೆ ಕೇಳದೆ ಸ್ಟೀರಾಯ್ಡ್ ಬೆರೆಸಿದ್ದು ಲ್ಯಾಬ್ ಪರೀಕ್ಷೆಗಳಲ್ಲಿ ಸಿಕ್ಕಿದ ಉದಾಹರಣೆಗಳಿವೆ. ಡಾಕ್ಟರ್ ಬರೆದ ಪಂಪಿನ ಸ್ಟೀರಾಯ್ಡ್‌ಗೆ ಹೆದರಿ, ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲದ ಸ್ಟೀರಾಯ್ಡ್ ನುಂಗೋದು ಯಾವ ನ್ಯಾಯ?

ಹೆರಿಗೆ ಕೋಣೆಯಲ್ಲಿ ಹೇಳಲೇಬೇಕಾದ್ದು

ಇದು ನನಗೂ ಗೊತ್ತಿರಲಿಲ್ಲ. ದಮ್ಮಿನ ಔಷಧಿಗೆ ಹೆದರ್ತೀವಿ, ಆದರೆ ಬೇರೆ ಕಾರಣಕ್ಕೆ ಕೊಡೋ ಕೆಲವು ಔಷಧಿ ದಮ್ಮನ್ನೇ ಎಬ್ಬಿಸಬಹುದು. ಬಸುರಿಯರಿಗೆ ಬಿಪಿ ಏರಿದಾಗ ಬಹಳ ಕಡೆ ಕೊಡೋದು ಲ್ಯಾಬೆಟಲಾಲ್. ದಮ್ಮು ಇದ್ದವರಿಗೆ ಅದರಿಂದ ಶ್ವಾಸನಾಳ ಬಿಗಿಯಬಹುದು, ಅದಕ್ಕೆ ಬೇರೆ ಗುಳಿಗಿ ಇದೆ. ಹೆರಿಗೆ ಆದ ಮೇಲೆ ರಕ್ತಸ್ರಾವ ನಿಲ್ಲದಿದ್ದಾಗ ಕೊಡೋ ಕಾರ್ಬೊಪ್ರೋಸ್ಟ್ ಇಂಜೆಕ್ಷನ್ ದಮ್ಮು ಇದ್ದವರಿಗೆ ಜೋರಾದ ಉಬ್ಬಸ ತರಬಲ್ಲದು. ಆಕ್ಸಿಟೋಸಿನ್‌ನಿಂದ ಆ ತೊಂದರೆ ಇಲ್ಲ. ಕೆಲವರಿಗೆ ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗಿಯಿಂದಲೂ ದಮ್ಮು ಏಳುತ್ತೆ.

ಆ ಹೊತ್ತಿನಲ್ಲಿ ಹೆರಿಗೆ ನೋವು ತಿನ್ನುತ್ತಿರೋ ಹೆಣ್ಣುಮಗಳು ಇದನ್ನೆಲ್ಲಾ ಹೇಳೋಕಾಗಲ್ಲ. ಅದಕ್ಕೆ ತಾಯಿ ಕಾರ್ಡ್ ಮೇಲೆ ಮೊದಲೇ ಕೆಂಪು ಪೆನ್ನಿನಲ್ಲಿ ‘ಅಸ್ತಮಾ ಇದೆ’ ಅಂತ ಆಶಾ ಕಾರ್ಯಕರ್ತೆ ಅಥವಾ ನರ್ಸ್ ಕಡೆಯಿಂದ ಬರೆಸಿ. ಹೆರಿಗೆಗೆ ಹೋಗೋ ಚೀಲದಲ್ಲಿ ಕೂಸಿನ ಬಟ್ಟೆ ಜೊತೆ ಪಂಪನ್ನೂ ಇಡಿ. ನೋವು ಶುರುವಾದ ದಿನವೂ ಪಂಪ್ ತಗೋಬೇಕು, ನಿಲ್ಲಿಸಬಾರದು.

ಹಾಲಿಗೆ ಹೋಗೋದು ಎಷ್ಟು, ಹೊಗೆ ಎಷ್ಟು

ಅಕ್ಕನಿಗೆ ಆರನೇ ತಿಂಗಳಿಂದ ಮತ್ತೆ ಪಂಪ್ ಶುರು ಆಯ್ತು. ಹೆರಿಗೆ ಸರಿಯಾಗೇ ಆಯ್ತು, ಗಂಡು ಕೂಸು. ತವರಿಗೆ ಬಾಣಂತನಕ್ಕೆ ಬಂದಾಗ ನಮ್ಮವ್ವನೇ ಎರಡನೇ ಸುತ್ತಿನ ತಕರಾರು ತೆಗೆದಳು: ‘ಹಾಲಿನಾಗ ಹೊಕ್ಕತೈತಲ್ಲೋ?’

ಹೋಗುತ್ತೆ, ಆದರೆ ಎಷ್ಟು? ಬುಡೆಸೊನೈಡ್ ಪಂಪ್ ತಗೊಳ್ಳೋ ತಾಯಂದಿರ ಹಾಲು ಅಳೆದು ನೋಡಿದಾಗ ಕೂಸಿಗೆ ಸಿಗೋದು ತಾಯಿ ತಗೊಂಡದ್ದರಲ್ಲಿ ನೂರಕ್ಕೆ 0.3ರಿಂದ 1 ಪಾಲು. ಸಾಲ್ಬುಟಮಾಲ್ ಪಂಪಿನದೂ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಪ್ರೆಡ್ನಿಸೊಲೋನ್ ಕೂಡ ಸಾಮಾನ್ಯ ಡೋಸ್‌ನಲ್ಲಿ ಹಾಲಿಗೆ ಹೋಗೋದು ಸ್ವಲ್ಪವೇ. ಇದಕ್ಕಾಗಿ ಹಾಲು ಬಿಡಿಸಬೇಕಾಗಿಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇತ್ತು. ಬಾಣಂತಿ ಹೊರಸಿನ ಕೆಳಗೆ ಕೆಂಡ, ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ, ಸಂಜೆ ಸೊಳ್ಳೆ ಬತ್ತಿ, ಗಾಳಿ ತಾಗಬಾರದು ಅಂತ ಕಿಟಕಿ ಬಂದ್. ಪಂಪಿನ ಎರಡು ಪಫ್‌ಗೆ ಹೆದರಿದ ಮನೆಯಲ್ಲಿ ಹೊಗೆಗೆ ಯಾರೂ ಹೆದರಲಿಲ್ಲ. ತಾಯಿಗೆ ದಮ್ಮು ಎಬ್ಬಿಸೋದೂ ಅದೇ, ಎಳೇ ಕೂಸಿನ ಎದೆಗೆ ಇಳಿಯೋದೂ ಅದೇ. ಅವ್ವನಿಗೆ ಒಪ್ಪಿಸೋಕೆ ನಾಕು ದಿನ ಬೇಕಾಯ್ತು. ಬೆಚ್ಚಗೆ ಇರಲಿ, ಬಿಸಿನೀರು ಎರೀರಿ, ಹೊದಿಸ್ರಿ, ಹೊಗೆ ಮಾತ್ರ ಬೇಡ ಅಂತ ರಾಜಿ ಆಯ್ತು. ಸೊಳ್ಳೆಗೆ ಪರದೆ ತಂದೆವು.

ಕೆಲಸಕ್ಕೆ ಹೋಗೋರು

ಮೆಣಸಿನಕಾಯಿ ಘಾಟಿನಲ್ಲಿರೋ ಕ್ಯಾಪ್ಸೈಸಿನ್ ಶ್ವಾಸನಾಳದ ನರಗಳನ್ನೇ ಕೆಣಕಿ ಕೆಮ್ಮು ತರುತ್ತೆ. ನಮ್ಮ ಬ್ಯಾಡಗಿ ಕಾಯಿ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಹೆಸರು, ಆದರೆ ಧೂಳು ಧೂಳೇ. ದಮ್ಮು ಇರೋ ಬಸುರಿಗೆ ಈ ಕೆಲಸ ಬೇಡ ಅಂತ ಬರೆಯೋದು ಸುಲಭ, ದಿನದ ಕೂಲಿ ಬಿಡೋದು ಸುಲಭ ಅಲ್ಲ. ಆಗೋ ಮಟ್ಟಿಗೆ ಬಾಗಿಲ ಹತ್ತಿರ, ಗಾಳಿ ಆಡೋ ಜಾಗದಲ್ಲಿ ಕೂರಿಸಬಹುದು. ಚೀಲ ಸುರಿಯೋ, ಕಸ ಗುಡಿಸೋ ಹೊತ್ತಿಗೆ ಹೊರಗೆ ಕಳಿಸಬಹುದು. ಮಾಲೀಕರಿಗೆ ಇದಕ್ಕೆ ಒಂದು ರೂಪಾಯಿನೂ ಖರ್ಚಿಲ್ಲ. ಸೀರೆ ಸೆರಗು ಮುಚ್ಚಿಕೊಂಡರೆ ಸಣ್ಣ ಧೂಳು ನಿಲ್ಲಲ್ಲ, ಮಾಸ್ಕ್ ಸೆರಗಿಗಿಂತ ಮೇಲು. ತಕ್ಷಣದ ಪಂಪ್ ಮನೆಯಲ್ಲಿ ಮಾಡದ ಮೇಲೆ ಅಲ್ಲ, ಮೈಮೇಲೆ ಇರಬೇಕು.

ತಗೊಳ್ಳೋ ರೀತಿಯೂ ಮುಖ್ಯ. ಪಂಪ್ ಅಲ್ಲಾಡಿಸಿ, ಉಸಿರು ಹೊರಗೆ ಬಿಟ್ಟು, ಒತ್ತುತ್ತಾ ನಿಧಾನವಾಗಿ ಒಳಗೆ ಎಳೆದು, ಹತ್ತು ಎಣಿಸೋವರೆಗೆ ಹಿಡೀಬೇಕು. ಸ್ಪೇಸರ್ ಅಂತ ಪ್ಲಾಸ್ಟಿಕ್ ಕೊಳವೆ ಸಿಗುತ್ತೆ, ಅದು ಹಾಕಿದ್ರೆ ಔಷಧಿ ಬಾಯಲ್ಲೇ ಉಳಿಯದೆ ಎದೆಗೆ ಸರಿಯಾಗಿ ಇಳಿಯುತ್ತೆ. ದಿನದ ಸ್ಟೀರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲಾಂದ್ರೆ ಬಾಯಿ ಹುಣ್ಣಾಗುತ್ತೆ.

ದಮ್ಮು ಜೋರಾದಾಗ ಮಲಗಿಸಬೇಡಿ, ಕೂರಿಸಿ. ತಕ್ಷಣದ ಪಂಪ್ ಸ್ಪೇಸರ್ ಹಾಕಿ ಒಂದೊಂದಾಗಿ ನಾಲ್ಕು ಪಫ್ ಕೊಡಿ, ಇಪ್ಪತ್ತು ನಿಮಿಷಕ್ಕೆ ಇಳಿಯದಿದ್ದರೆ ಮತ್ತೆ ನಾಲ್ಕು ಕೊಟ್ಟು 108ಕ್ಕೆ ಫೋನ್ ಮಾಡಿ. ಒಂದು ವಾಕ್ಯ ಪೂರ್ತಿ ಮಾತಾಡೋಕಾಗ್ತಿಲ್ಲ, ತುಟಿ ನೀಲಿ ಆಗ್ತಿದೆ, ಕೂಸಿನ ಮಿಸುಕಾಟ ಕಡಿಮೆ ಆಗಿದೆ ಅಂದ್ರೆ ಇಪ್ಪತ್ತು ನಿಮಿಷವೂ ಕಾಯಬೇಡಿ. ಮೊದಲು ಫೋನ್, ಗಾಡಿ ಬರೋವರೆಗೆ ಪಂಪ್.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ. ಅವತ್ತು ತಾಯಿ ಕಾರ್ಡ್ ಜೊತೆ ಮನೆಯಲ್ಲಿರೋ ಪಂಪ್, ಗುಳಿಗಿ, ಸಿರಪ್ ಬಾಟಲಿ ಎಲ್ಲಾ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ಯಾವುದು ಇರಲಿ ಯಾವುದು ಬೇಡ ಅಂತ ಅಲ್ಲೇ ಬರೆಸಿಕೊಳ್ಳಿ. ಬಸುರಿಯ ಜೊತೆ ಅತ್ತಿಯನ್ನೂ ಕರಕೊಂಡು ಹೋದ್ರೆ ಇನ್ನೂ ಒಳ್ಳೇದು. ಅಕ್ಕನ ಅತ್ತಿ ಈಗ ಅಕ್ಕ ಪಂಪ್ ಮರೆತರೆ ಅವರೇ ತಂದು ಕೈಗೆ ಕೊಡ್ತಾರೆ.